ಗ್ರಾಹಕರಿಗೆ ಪತ್ರ: ಎಲ್ಲರ ಅಳತೆಯನ್ನೂ ಹೊಸದಾಗಿ ತೆಗೆಯುತ್ತಿದ್ದೇವೆ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ನಮ್ಮ ಹೊಲಿಗೆ ಅಂಗಡಿಯ ಯಜಮಾನಿ, ನಮ್ಮ ಅಜ್ಜಿ, ಕಳೆದ ತಿಂಗಳು ತೀರಿಕೊಂಡರು. ನಿಮ್ಮಲ್ಲಿ ಹೆಚ್ಚಿನವರಿಗೆ ಸುದ್ದಿ ತಿಳಿದಿದೆ. ಮನೆಗೆ ಬಂದವರು, ಫೋನ್ ಮಾಡಿದವರು ತುಂಬಾ ಜನ. ಒಬ್ಬೊಬ್ಬರ ಹತ್ತಿರವೂ ಮಾತಾಡಲು ಆಗಲಿಲ್ಲ, ಹಾಗಾಗಿ ಎಲ್ಲರಿಗೂ ಇಲ್ಲೇ ಕೃತಜ್ಞತೆ ಹೇಳುತ್ತಿದ್ದೇವೆ.

ಅಂಗಡಿ ಮುಚ್ಚುವುದಿಲ್ಲ. ಚಿಕ್ಕಮ್ಮ ಮತ್ತು ನಾನು ನಡೆಸುತ್ತೇವೆ. ಅಜ್ಜಿಯ ಜೊತೆ ಹೊಲಿಯುತ್ತಿದ್ದ ಟೈಲರ್‌ಗಳೂ ಇಲ್ಲೇ ಇರುತ್ತಾರೆ. ಒಂದು ಪದ್ಧತಿ ಮಾತ್ರ ಬದಲಾಗುತ್ತದೆ. ಇನ್ನು ಮುಂದೆ ಏನೇ ಹೊಲಿಸುವುದಿದ್ದರೂ, ಎಷ್ಟೇ ಹಳೆಯ ಗ್ರಾಹಕರಾದರೂ, ಮೊದಲು ಒಮ್ಮೆ ಬಂದು ಹೊಸದಾಗಿ ಅಳತೆ ಕೊಡಬೇಕು.

"ನನ್ನ ಅಳತೆ ನಿಮ್ಮ ಪುಸ್ತಕದಲ್ಲೇ ಇದೆಯಲ್ಲ, ಮತ್ತೆ ಯಾಕೆ?" ಅಂತ ಈಗಾಗಲೇ ಹಲವರು ಕೇಳಿದ್ದಾರೆ. ಇದೆ, ನಿಜ. ಎದೆ, ಸೊಂಟ, ಭುಜ, ತೋಳು ಎಲ್ಲದಕ್ಕೂ ಅಜ್ಜಿಯ ಕೈಬರಹದಲ್ಲಿ ಅಂಕಿ ಇದೆ. ಅಂಕಿಯ ಪಕ್ಕ ಸಣ್ಣ ಗುರುತುಗಳೂ ಇವೆ. ಓರೆ ಗೀಟು ಹಾಕಿದ್ದರೆ ಒಂದು ಭುಜ ಸ್ವಲ್ಪ ಇಳಿದಿದೆ ಅಂತ. ಅದು ಚಿಕ್ಕಮ್ಮನಿಗೆ ಗೊತ್ತು. ಉಳಿದ ಗುರುತುಗಳ ಅರ್ಥ ಅಜ್ಜಿಗೇ ಗೊತ್ತಿತ್ತು.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಮೈಯ ಅಳತೆ ಬೇರೆ, ಬಟ್ಟೆಯ ಅಳತೆ ಬೇರೆ. ಎದೆ ಸುತ್ತಳತೆ 36 ಇಂಚು ಇರುವವರಿಗೆ 36 ಇಂಚಿನ ಶರ್ಟನ್ನೇ ಹೊಲಿದರೆ ಗುಂಡಿ ಹಾಕಿಕೊಂಡು ಉಸಿರಾಡುವುದೂ ಕಷ್ಟ. ಮಾಮೂಲಿ ಶರ್ಟಿಗೆ 3ರಿಂದ 5 ಇಂಚು ಲೂಸ್ ಸೇರಿಸುತ್ತಾರೆ. ಮೈಗೆ ಹತ್ತಿ ಕೂರುವ ಬ್ಲೌಸಿಗೆ 1 ಇಂಚು, ಕೆಲವರಿಗೆ ಅದೂ ಜಾಸ್ತಿ. ಯಾರಿಗೆ ಎಷ್ಟು ಸೇರಿಸಬೇಕು ಅನ್ನುವುದನ್ನು ಅಜ್ಜಿ ಬರೆದಿಡುತ್ತಿರಲಿಲ್ಲ. ನೀವು ಒಳಗೆ ಬರುವಾಗಲೇ ನೋಡಿಕೊಂಡಿರುತ್ತಿದ್ದರು. ಇಡೀ ದಿನ ಕೂತು ಕೆಲಸ ಮಾಡುವವರಾ, ಕೈ ಎತ್ತಿ ದುಡಿಯುವವರಾ, ಸ್ವಲ್ಪ ಮುಂದಕ್ಕೆ ಬಾಗಿ ನಡೆಯುವವರಾ, ಎಲ್ಲವನ್ನೂ.

ಟೇಪು ಹಿಡಿದಾಗ ಅಜ್ಜಿ ನಿಮ್ಮನ್ನು ಮಾತಿಗೆ ಎಳೆಯುತ್ತಿದ್ದರು, ಅಲ್ವಾ? ಸುಮ್ನೆ ಹರಟೆ ಅಂದುಕೊಂಡವರೇ ಹೆಚ್ಚು. ಟೇಪು ಕಂಡ ಕೂಡಲೇ ಜನ ಹೊಟ್ಟೆ ಒಳಗೆಳೆದುಕೊಂಡು, ಎದೆ ಸೆಟೆಸಿ ನಿಲ್ಲುತ್ತಾರೆ. ಆ ಅಳತೆಗೆ ಹೊಲಿದ ಬಟ್ಟೆ ಮನೆಗೆ ಹೋದ ಮೇಲೆ ಬಿಗಿಯಾಗುತ್ತದೆ. ಮಾತಾಡುತ್ತಾ ಮೈ ಸಡಿಲವಾದ ಮೇಲೆಯೇ ಅಜ್ಜಿ ಅಂಕಿ ಬರೆಯುತ್ತಿದ್ದುದು. ಇದನ್ನು ನಾನು ಕಲಿತಿದ್ದೇನೆ. ಹರಟೆಯಲ್ಲಿ ಅವರಷ್ಟು ಚುರುಕಿಲ್ಲ, ಸಹಿಸಿಕೊಳ್ಳಿ.

ಬಟ್ಟೆಯ ವಿಷಯದಲ್ಲಿ ಅಜ್ಜಿಗೆ ಯಾರ ಮುಲಾಜೂ ಇರಲಿಲ್ಲ. ಕಾಟನ್ ಬಟ್ಟೆಯನ್ನು ನೀರಲ್ಲಿ ನೆನೆಸಿ ಒಣಗಿಸದೆ ಕತ್ತರಿ ಹಾಕುತ್ತಿರಲಿಲ್ಲ. ಮೊದಲ ಒಗೆತಕ್ಕೇ 100ಕ್ಕೆ 3ರಿಂದ 5 ಭಾಗ ಕುಗ್ಗುವ ಕಾಟನ್ ಸಾಮಾನ್ಯ. 30 ಇಂಚು ಉದ್ದದ ಶರ್ಟಿನಲ್ಲಿ ಅದು 1 ಇಂಚು ದಾಟಬಹುದು. "ನಾಳೆಗೇ ಬೇಕು" ಅಂದವರಿಗೆ "ಹಾಗಾದ್ರೆ ರೆಡಿಮೇಡ್ ತಗೊಳ್ಳಪ್ಪ" ಅಂತ ಬಟ್ಟೆಯನ್ನು ವಾಪಸ್ ಕೊಟ್ಟಿದ್ದೂ ಇದೆ. ವ್ಯಾಪಾರ ಹೀಗೆ ಮಾಡಿದರೆ ಹೇಗೆ ಅಂತ ನಾವು ಮನೆಯಲ್ಲಿ ಗೊಣಗುತ್ತಿದ್ದೆವು. ಹಾಗೆ ವಾಪಸ್ ಹೋದವರು ಮುಂದಿನ ಸಲ ಬೇಗ ಬರುತ್ತಿದ್ದರು ಅನ್ನುವುದೂ ನಿಜ. ನೆನೆಸುವ ಪದ್ಧತಿಯನ್ನು ನಾವು ಬಿಡುವುದಿಲ್ಲ.

ಮಾರ್ಜಿನ್ ಬಿಡುವುದನ್ನೂ ಬಿಡುವುದಿಲ್ಲ. ಮಕ್ಕಳ ಬಟ್ಟೆಗೆ ಪಕ್ಕದ ಹೊಲಿಗೆಯ ಒಳಗೆ 1 ಇಂಚು, ಕೆಳಗಿನ ಮಡಿಕೆಯಲ್ಲಿ ಇನ್ನೂ ಜಾಸ್ತಿ ಬಿಟ್ಟು, ಮಗು ಬೆಳೆದ ಹಾಗೆ ಅಜ್ಜಿ ತಾವೇ ಬಿಚ್ಚಿ ಕೊಡುತ್ತಿದ್ದರು. ರೇಷ್ಮೆಗೆ ಮಾತ್ರ ಮೊದಲೇ ಎಚ್ಚರಿಸುತ್ತಿದ್ದರು: ಅದರಲ್ಲಿ ಸೂಜಿಯ ತೂತು ಉಳಿದುಬಿಡುತ್ತದೆ, ಬಿಚ್ಚಿದರೆ ಹಳೇ ಹೊಲಿಗೆಯ ಸಾಲು ಎದ್ದು ಕಾಣುತ್ತದೆ.

ಹೊಸ ಅಳತೆಯನ್ನು ಒಂದು ಕಾರ್ಡಿನಲ್ಲಿ ಬರೆಯುತ್ತೇವೆ. ಮೈಯ ಅಳತೆ, ಸೇರಿಸಿದ ಲೂಸ್, ಬಟ್ಟೆಯ ಅಳತೆ ಮೂರೂ ಬೇರೆ ಬೇರೆಯಾಗಿ ಇರುತ್ತವೆ. ಒಂದು ಪ್ರತಿ ನಿಮಗೂ ಕೊಡುತ್ತೇವೆ. ನಾಳೆ ನೀವು ಬೇರೆ ಟೈಲರ್ ಹತ್ತಿರ ಹೋದರೂ ಅದು ಉಪಯೋಗಕ್ಕೆ ಬರುತ್ತದೆ. (ಚಿಕ್ಕಮ್ಮನಿಗೆ ಇದು ಅಷ್ಟು ಇಷ್ಟವಿಲ್ಲ. ಇದು ನನ್ನ ಹಟ.) ಕೋಟು, ಬ್ಲೌಸ್ ಮತ್ತು ಬೆಲೆಬಾಳುವ ಬಟ್ಟೆಗಳಿಗೆ ಮೊದಲು ಕಚ್ಚಾ ಹೊಲಿಗೆ ಹಾಕಿ, ನಿಮಗೆ ಒಮ್ಮೆ ತೊಡಿಸಿ ನೋಡಿ, ಆಮೇಲೆ ಮುಗಿಸುತ್ತೇವೆ. ಅಜ್ಜಿಗೆ ಇದು ಬೇಕಾಗುತ್ತಿದ್ದುದು ಅಪರೂಪ. ನಮಗೆ ಬೇಕು. ಇದರಿಂದ ಬಟ್ಟೆ ಕೈಸೇರುವುದು ಸ್ವಲ್ಪ ತಡವಾಗುತ್ತದೆ, ಆದರೆ ಇದಕ್ಕಾಗಿ ಕೂಲಿ ಹೆಚ್ಚಿಸುವುದಿಲ್ಲ.

ಇಷ್ಟು ದಿನ ಬಾಯಿಮಾತಲ್ಲೇ ನಡೆಯುತ್ತಿದ್ದ ಮುಂಗಡ, ಬಾಕಿ ಎಲ್ಲಕ್ಕೂ ಇನ್ನು ರಸೀದಿ ಕೊಡುತ್ತೇವೆ. ಅಜ್ಜಿಗೆ ನೀವು ಕೊಟ್ಟ ಮುಂಗಡ ಪುಸ್ತಕದಲ್ಲಿ ಸಿಗದಿದ್ದರೆ ನಿಮ್ಮ ಮಾತನ್ನೇ ನಂಬುತ್ತೇವೆ.

ಅಜ್ಜಿ ಕತ್ತರಿಸಿಟ್ಟಿರುವ ಬಟ್ಟೆಗಳನ್ನು ಅವರು ಸೀಮೆಸುಣ್ಣದಲ್ಲಿ ಗುರುತು ಹಾಕಿದ ಹಾಗೆಯೇ ಹೊಲಿದು ಕೊಡುತ್ತೇವೆ. ಆ ಬಟ್ಟೆಯವರು ಈಗ ಬರುವ ಅಗತ್ಯವಿಲ್ಲ, ಸಿದ್ಧವಾದ ಮೇಲೆ ಫೋನ್ ಮಾಡುತ್ತೇವೆ. ಇನ್ನೂ ಕತ್ತರಿಸದೆ ಇರುವ ಬಟ್ಟೆಗಳ ಗ್ರಾಹಕರು ದಯವಿಟ್ಟು ಬಿಡುವು ಮಾಡಿಕೊಂಡು ಬನ್ನಿ. ಬರುವಾಗ ನಿಮಗೆ ಚೆನ್ನಾಗಿ ಕೂರುವ ಒಂದು ಬಟ್ಟೆ ತನ್ನಿ. ಹಳೆಯದಾದರೂ ಪರವಾಗಿಲ್ಲ, ಹಳೆಯದಾದರೇ ಒಳ್ಳೆಯದು. ಪ್ಯಾಂಟ್ ಹೊಲಿಸುವವರು ದಿನಾ ಹಾಕುವ ಚಪ್ಪಲಿ ಅಥವಾ ಶೂ ಹಾಕಿಕೊಂಡೇ ಬನ್ನಿ, ಉದ್ದವನ್ನು ಅದರ ಮೇಲೆ ನೋಡಬೇಕಾಗುತ್ತದೆ.

ಇಂತಿ,
ಅಂಗಡಿಯ ಎಲ್ಲರ ಪರವಾಗಿ,
ಅಜ್ಜಿಯ ಮೊಮ್ಮಗಳು