ಝಿನ್‌ಫಂಡೆಲ್ ಬಳ್ಳಿಯನ್ನು ಉಳಿಸಿದವರು

ಸೆಪ್ಟೆಂಬರ್ ಬಂತು ಅಂದರೆ ಕ್ಯಾಲಿಫೋರ್ನಿಯಾದಲ್ಲಿ ದ್ರಾಕ್ಷಿ ಕೊಯ್ಲು ಜೋರು. ಗಣೇಶನ ಹಬ್ಬದ ವರದಿ, ರಾಜ್ಯೋತ್ಸವದ ಕರೆಯೋಲೆ ಎಲ್ಲ ಇಲ್ಲಿನ ಕನ್ನಡಿಗರ ಈ ಪತ್ರಿಕೆಯ ಒಳಪುಟಗಳಲ್ಲಿವೆ. ಈ ಪುಟವನ್ನು ಝಿನ್‌ಫಂಡೆಲ್ ಅನ್ನುವ ಕೆಂಪು ವೈನ್ ದ್ರಾಕ್ಷಿಗೆ ಬಿಟ್ಟಿದ್ದೇನೆ. ವೈನ್ ಮುಟ್ಟದವರೂ ಓದಬಹುದು. ಇಲ್ಲಿ ಕುಡಿಯೋದಕ್ಕಿಂತ ಬೆಳೆಯೋದರ ಮಾತೇ ಜಾಸ್ತಿ.

ಲೋಡೈ, ಸೊನೋಮಾ, ಅಮಡಾರ್ ಕಡೆಯ ಹಳೇ ತೋಟಗಳನ್ನು ನೋಡಿದವರಿಗೆ ಗೊತ್ತು. ಅಲ್ಲಿ ಚಪ್ಪರ ಇಲ್ಲ, ತಂತಿ ಇಲ್ಲ. ಒಂದೊಂದು ಬಳ್ಳಿಯೂ ಗಿಡ್ಡ ಮರದ ಹಾಗೆ ತನ್ನ ಕಾಲ ಮೇಲೆ ತಾನೇ ನಿಂತಿರುತ್ತದೆ. ಗಂಟುಗಂಟಾದ ದಪ್ಪ ಕಾಂಡ, ಅದರ ನೆತ್ತಿಯಿಂದ ಸುತ್ತಲೂ ಚಾಚಿದ ಮೋಟು ತೋಳುಗಳು. ಎಷ್ಟೋ ತೋಟಗಳಿಗೆ ನೂರು ವರ್ಷ ದಾಟಿದೆ. ಕೊಯ್ಲಿನ ಹೊತ್ತಿಗೆ ಒಂದು ಗೊಂಚಲನ್ನು ಅಂಗೈಯಲ್ಲಿ ಹಿಡಿದು ನೋಡಿ. ಒಂದು ಕಾಯಿ ಇನ್ನೂ ಹಸಿರು, ಪಕ್ಕದ್ದು ಕಪ್ಪಗೆ ಹಣ್ಣಾಗಿದೆ, ಅದರ ಪಕ್ಕದ್ದು ಆಗಲೇ ಸುರುಟಿ ಒಣದ್ರಾಕ್ಷಿ! ಬೇಗ ಕಿತ್ತರೆ ಹುಳಿ, ಹಸಿರು ಕಾಯಿ ಮಾಗಲಿ ಅಂತ ಕಾದರೆ ಉಳಿದವುಗಳಲ್ಲಿ ಸಕ್ಕರೆ ಏರುತ್ತದೆ. ಝಿನ್‌ಫಂಡೆಲ್ ವೈನಿನಲ್ಲಿ ಆಲ್ಕೋಹಾಲ್ ಶೇ. 15ರ ಆಸುಪಾಸಿನಲ್ಲಿರುವುದಕ್ಕೆ ಇದೇ ಮುಖ್ಯ ಕಾರಣ.

ಇದನ್ನು ಅಮೆರಿಕದ ಸ್ವಂತ ದ್ರಾಕ್ಷಿ ಅಂತ ಹೊಗಳುವವರು ಬಹಳ. 2006ರಲ್ಲಿ ಝಿನ್‌ಫಂಡೆಲ್‌ಗೆ ರಾಜ್ಯದ ಐತಿಹಾಸಿಕ ವೈನ್ ಎಂಬ ಪಟ್ಟ ಕಟ್ಟುವ ಮಸೂದೆ ಇಲ್ಲಿನ ಶಾಸನಸಭೆಯಲ್ಲಿ ಪಾಸಾಗಿತ್ತು. ಒಂದೇ ದ್ರಾಕ್ಷಿಯನ್ನು ಎತ್ತಿ ಹಿಡಿಯುವುದು ಸರಿಯಲ್ಲ ಅಂತ ಆಗಿನ ಗವರ್ನರ್ ಶ್ವಾರ್ಜನೆಗರ್ ಸಹಿ ಹಾಕಲಿಲ್ಲ. ಒಳ್ಳೆಯದೇ ಆಯಿತು ಬಿಡಿ.

ಏಕೆಂದರೆ ಬಳ್ಳಿ ಇಲ್ಲಿಯದಲ್ಲ. 1820ರ ದಶಕದಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ನರ್ಸರಿ ಇಟ್ಟಿದ್ದ ಜಾರ್ಜ್ ಗಿಬ್ಸ್, ವಿಯೆನ್ನಾದ ರಾಜಮನೆತನದ ಸಂಗ್ರಹದಿಂದ ಬಳ್ಳಿಗಳನ್ನು ತರಿಸಿದ್ದರು. ಅವುಗಳ ಜೊತೆಗೇ ಇದೂ ಬಂದಿರಬೇಕು ಅನ್ನುವುದು ಇತಿಹಾಸಕಾರರ ಲೆಕ್ಕ. ಮೊದಮೊದಲು ಬಾಸ್ಟನ್ ಕಡೆಯ ಗಾಜಿನ ಮನೆಗಳಲ್ಲಿ ಬರೀ ತಿನ್ನುವ ಹಣ್ಣಾಗಿ ಬೆಳೆದದ್ದು. ಚಿನ್ನದ ಹುಚ್ಚು ಹತ್ತಿದ ಮೇಲೆ, 1850ರ ದಶಕದಲ್ಲಿ, ಕ್ಯಾಲಿಫೋರ್ನಿಯಾ ಸೇರಿತು. ಹಂಗೇರಿಯ ಹರಸ್ತಿ ಎಂಬ ಸಾಹುಕಾರ ತಂದ ಅನ್ನುವ ಕಥೆ ಬಹಳ ಕಾಲ ಓಡಿತ್ತು. ಅದು ಬರೀ ಕಥೆ.

ಮೂಲ ಊರು ಗೊತ್ತಾಗಲು ಡಿಎನ್‌ಎ ಬರಬೇಕಾಯಿತು. 1967ರಲ್ಲಿ ಯುಸಿ ಡೇವಿಸ್ ವಿಶ್ವವಿದ್ಯಾಲಯದಲ್ಲಿದ್ದ ಸಸ್ಯರೋಗ ತಜ್ಞ ಆಸ್ಟಿನ್ ಗೋಹೀನ್ ಇಟಲಿಯ ಪೂಲಿಯಾದಲ್ಲಿ ಪ್ರಿಮಿಟಿವೊ ಎಂಬ ದ್ರಾಕ್ಷಿ ನೋಡಿ, ಅರೆ, ಇದು ನಮ್ಮದೇ ಅಲ್ವಾ ಅಂದುಕೊಂಡರು. ಅದು ನಿಜ ಅಂತ 1990ರ ದಶಕದಲ್ಲಿ ಡೇವಿಸ್‌ನವರೇ ಆದ ವಿಜ್ಞಾನಿ ಕ್ಯಾರೊಲ್ ಮೆರೆಡಿತ್ ಸಾಬೀತು ಮಾಡಿದರು. ಆದರೆ ಇಟಲಿಗೂ ಅದು ಹೊರಗಿನಿಂದ ಬಂದದ್ದೇ. ಕ್ರೊಯೇಷಿಯಾದಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದ ನಾಪಾದಲ್ಲಿ ವೈನ್ ಮಾಡಿ ಹೆಸರು ಗಳಿಸಿದ ಮೈಕ್ ಗರ್ಗಿಚ್ ಮಾತ್ರ, ಇದು ನಮ್ಮೂರಿನ ಬಳ್ಳಿ ಅಂತ ಬಿಡದೆ ಹೇಳುತ್ತಿದ್ದರು. ಮೆರೆಡಿತ್ ಮತ್ತು ಝಾಗ್ರೆಬ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಡಾಲ್ಮೇಶಿಯಾ ಕರಾವಳಿಯ ತೋಟಗಳನ್ನು ಜಾಲಾಡಿದರು. ಗರ್ಗಿಚ್ ತೋರಿಸಿದ ಪ್ಲಾವಾಟ್ಸ್ ಮಾಲಿ ಎಂಬ ಅಲ್ಲಿನ ದ್ರಾಕ್ಷಿ ಈ ಬಳ್ಳಿಯ ಮಗು ಅಂತ ಗೊತ್ತಾಯಿತು. ತಾಯಿಬಳ್ಳಿ 2001ರಲ್ಲಿ ಕಾಶ್ಟೆಲ್ ನೋವಿ ಎಂಬ ಊರಿನ ಒಂದು ಹಳೇ ತೋಟದಲ್ಲಿ ಸಿಕ್ಕಿತು. ಬೇರೆ ಜಾತಿಯ ಬಳ್ಳಿಗಳ ನಡುವೆ ಬೆರಳೆಣಿಕೆಯಷ್ಟು ಮಾತ್ರ ಉಳಿದಿದ್ದವು. ಹುಟ್ಟಿದೂರಿನಲ್ಲಿ ಕೊನೆಯುಸಿರು, ಇಲ್ಲಿ ಸಾವಿರಾರು ಎಕರೆ. ವಲಸೆ ಬಂದ ನಮಗೆ ಹೋಲಿಸಿಕೊಳ್ಳುವ ಆಸೆ ಆಗುತ್ತದೆ. ಸುಮ್ನೆ ಇರೋಣ. ನನಗೆ ಅದಕ್ಕಿಂತ ಕುತೂಹಲ ಇರುವುದು ಇಲ್ಲಿ ಅದು ಉಳಿದದ್ದು ಹೇಗೆ ಅನ್ನುವುದರಲ್ಲಿ.

ಉಳಿಸಿದವರು ವೈನ್ ಪಂಡಿತರಲ್ಲ. 1920ರಿಂದ 1933ರವರೆಗೆ ಇಡೀ ದೇಶದಲ್ಲಿ ಪಾನನಿಷೇಧ. ಬಹಳಷ್ಟು ವೈನರಿಗಳಿಗೆ ಬೀಗ ಬಿತ್ತು. ಆದರೆ ಕಾನೂನಿನಲ್ಲಿ ಒಂದು ಕಂಡಿ ಇತ್ತು. ಮನೆ ಮಟ್ಟಿಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್, ಹಣ್ಣಿನ ರಸ ಮಾಡಿಕೊಳ್ಳಬಹುದಿತ್ತು. ಕಾಗದದ ಮೇಲೆ ಅದು ಅಮಲೇರದ ರಸ! ಕ್ಯಾಲಿಫೋರ್ನಿಯಾದ ದ್ರಾಕ್ಷಿ ರೈಲು ಡಬ್ಬಿಗಳಲ್ಲಿ ಷಿಕಾಗೊ, ನ್ಯೂಯಾರ್ಕಿಗೆ ಹೊರಟಿತು. ಅಲ್ಲಿನ ಇಟಾಲಿಯನ್ ಕುಟುಂಬಗಳು ಪೆಟ್ಟಿಗೆಗಟ್ಟಲೆ ಕೊಂಡು ನೆಲಮಾಳಿಗೆಯಲ್ಲಿ ತುಳಿದು, ಹಿಂಡಿ, ಪೀಪಾಯಿಗೆ ತುಂಬಿದವು. ದ್ರಾಕ್ಷಿ ಬೆಳೆಯುವ ಜಮೀನು ಆ ವರ್ಷಗಳಲ್ಲಿ ಕಡಿಮೆಯಾಗುವ ಬದಲು ಹೆಚ್ಚಾಯಿತು.

ಎರಡನೇ ಸಲ ಕೈಹಿಡಿದದ್ದು ಇನ್ನೂ ತಮಾಷೆ. ಸಟರ್ ಹೋಮ್ ವೈನರಿಯ ಬಾಬ್ ಟ್ರಿಂಚೆರೊ ಕೆಂಪು ವೈನ್ ಗಾಢವಾಗಲಿ ಅಂತ ಒಂದಷ್ಟು ತಿಳಿ ರಸವನ್ನು ಮೊದಲೇ ಬಸಿದು ತೆಗೆಯುತ್ತಿದ್ದರು. 1975ರಲ್ಲಿ ಆ ಬಸಿದ ರಸದ ಹುದುಗು ಅರ್ಧಕ್ಕೇ ನಿಂತುಹೋಯಿತು. ಸಿಹಿ ಉಳಿಯಿತು, ಬಣ್ಣ ನಸುಗುಲಾಬಿ. ವೈಟ್ ಝಿನ್‌ಫಂಡೆಲ್ ಅಂತ ಮಾರಿದರು. ಜನ ಮುಗಿಬಿದ್ದರು. ಬಲ್ಲವರು ಮೂಗು ಮುರಿದರು, ಈಗಲೂ ಮುರಿಯುತ್ತಾರೆ. ಆದರೆ ಆ ಅಗ್ಗದ ಬಾಟಲಿಗೆ ಬೇಡಿಕೆ ಇಲ್ಲದಿದ್ದರೆ ಎಷ್ಟೋ ಹಳೇ ಬಳ್ಳಿಗಳನ್ನು ಕಿತ್ತು ಕ್ಯಾಬರ್ನೆಯಂಥ ಬೇರೆ ದ್ರಾಕ್ಷಿ ನೆಡುತ್ತಿದ್ದರು.

ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯದೂ ಇದೇ ಜಾಡು, ದಿಕ್ಕು ಮಾತ್ರ ಉಲ್ಟಾ. ತಜ್ಞರು ಅದನ್ನು ಅಮೆರಿಕದ ಇಸಬೆಲ್ಲಾ ತಳಿ ಅಂತಲೇ ಗುರುತಿಸುತ್ತಾರೆ. ಅಲ್ಲಿಂದ ಬಂದು ದೇವನಹಳ್ಳಿ, ಚಿಕ್ಕಬಳ್ಳಾಪುರದ ಚಪ್ಪರಗಳಲ್ಲಿ ಹಬ್ಬಿ, ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆಯಿತು. ದಪ್ಪ ಸಿಪ್ಪೆ, ಒಳಗೆ ಲೋಳೆಯಂಥ ತಿರುಳು, ಬೀಜ, ಮೂಗಿಗೆ ಹೊಡೆಯುವ ವಾಸನೆ. ಒಳ್ಳೇ ವೈನಿಗೆ ಆಗಲ್ಲ ಅಂತ ಪಂಡಿತರು ಪಕ್ಕಕ್ಕಿಟ್ಟರು. ತಳ್ಳುಗಾಡಿಯವರು, ಜ್ಯೂಸ್ ಅಂಗಡಿಯವರು ಕೈಬಿಡಲಿಲ್ಲ.

ಈಗ ಝಿನ್‌ಫಂಡೆಲ್‌ಗೆ ಮತ್ತೆ ಕಷ್ಟಕಾಲ. ಗುಲಾಬಿ ವೈನಿನ ಕಾಲ ಇಳಿಯಿತು, ಒಟ್ಟಾರೆ ಜನ ವೈನ್ ಕೊಳ್ಳುವುದೂ ಕಡಿಮೆಯಾಗಿದೆ. ಮುದಿ ಬಳ್ಳಿ ಕೊಡುವ ಹಣ್ಣು ಕಡಿಮೆ, ಕೂಲಿ ಜಾಸ್ತಿ. ಲೋಡೈ ಸುತ್ತ ಹಳೇ ತೋಟಗಳನ್ನು ಬುಡಸಮೇತ ಕೀಳಿಸುತ್ತಿದ್ದಾರೆ. ಹೊಗಳುವವರು ಈಗಲೂ ಇದ್ದಾರೆ, ಕೊಳ್ಳುವವರು ಸಾಲುತ್ತಿಲ್ಲ. ಹಳೇ ತೋಟಗಳ ಪಟ್ಟಿ ಇಡುವ ಹಿಸ್ಟಾರಿಕ್ ವಿನ್‌ಯಾರ್ಡ್ ಸೊಸೈಟಿ ಅಂತ ಒಂದು ಸಂಸ್ಥೆ ಇದೆ. ನೋಡಬೇಕು ಅನ್ನುವವರು ಅದರಲ್ಲಿ ಹತ್ತಿರದ ತೋಟ ಹುಡುಕಿಕೊಂಡು ಈ ಕೊಯ್ಲು ಮುಗಿಯುವುದರೊಳಗೆ ಹೋಗಿಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಆದರೆ ಕೇಳದೆ ತೋಟದೊಳಗೆ ಕಾಲಿಡಬೇಡಿ, ಹಣ್ಣು ಕೀಳಬೇಡಿ.