ಕಡಲಕಳೆ ಸುದ್ದಿ ಹಾಕಿ, ಜೊತೆಗೆ ಪ್ರಯೋಗ ಯಾರ ಮೇಲಾಯ್ತು ಅಂತಲೂ ಬರೆಯಿರಿ

ಸಂಪಾದಕರೇ,

ಕಡಲಕಳೆಯಲ್ಲಿ ಸಕ್ಕರೆ ಕಾಯಿಲೆಗೆ ಮದ್ದು ಸಿಕ್ಕಿತು ಅನ್ನುವ ಸುದ್ದಿ ಆಗಾಗ ಪೇಪರಿನಲ್ಲಿ ಬರುತ್ತದೆ, ಆಮೇಲೆ ವಾಟ್ಸಾಪ್‌ನಲ್ಲಿ ಸುತ್ತುತ್ತದೆ. ಬಂದಾಗಲೆಲ್ಲ ಅಂಕೋಲಾದ ನನ್ನ ಔಷಧ ಅಂಗಡಿಯಲ್ಲಿ ಒಂದೇ ಪ್ರಶ್ನೆ: "ಸಮುದ್ರ ಪಾಚಿ ಪುಡಿ ಉಂಟಾ? ಅದು ತಗೊಂಡ್ರೆ ಮಾತ್ರೆ ಬಿಡಬಹುದಂತೆ, ಹೌದಾ?" ಬಿಡಬೇಡಿ ಅಂದರೆ, ಮಾತ್ರೆ ಮಾರುವವನು ಇನ್ನೇನು ಹೇಳ್ತಾನೆ ಅನ್ನುವ ಹಾಗೆ ಮುಖ ನೋಡುತ್ತಾರೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಸುದ್ದಿ ಪೂರ್ತಿ ಸುಳ್ಳೇನಲ್ಲ. ನಾವು ಉಣ್ಣುವ ಅನ್ನ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗಿ ರಕ್ತ ಸೇರುತ್ತದೆ. ಹಾಗೆ ಒಡೆಯುವ ಕಿಣ್ವಗಳಲ್ಲಿ ಆಲ್ಫಾ ಗ್ಲೂಕೋಸಿಡೇಸ್ ಒಂದು. ಕಂದು ಬಣ್ಣದ ಕಡಲಕಳೆಯಲ್ಲಿರುವ ಫ್ಲೋರೋಟ್ಯಾನಿನ್ ಎಂಬ ವಸ್ತು ಈ ಕಿಣ್ವವನ್ನು ತಡೆಯುತ್ತದೆ ಅಂತ ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಕಿಣ್ವ ನಿಧಾನವಾದರೆ ಊಟವಾದ ಮೇಲೆ ಶುಗರ್ ಒಮ್ಮೆಲೇ ಜಿಗಿಯುವುದಿಲ್ಲ. ನನ್ನ ಕಪಾಟಿನಲ್ಲಿರುವ ವೋಗ್ಲಿಬೋಸ್, ಅಕಾರ್ಬೋಸ್ ಮಾತ್ರೆಗಳು ಮಾಡುವುದೂ ಇದನ್ನೇ. ಊಟದ ಹೊತ್ತಿಗೇ ನುಂಗಿ ಅಂತ ಡಾಕ್ಟರು ಹೇಳುವುದು ಅದಕ್ಕೇ, ಹೊಟ್ಟೆಯಲ್ಲಿ ಗ್ಯಾಸ್ ಅಂತ ಜನ ಗೊಣಗುವುದೂ ಅದಕ್ಕೇ. ಕಂದು ಕಳೆಯ ಇನ್ನೊಂದು ವಸ್ತು ಆಲ್ಜಿನೇಟ್. ಅದು ಹೊಟ್ಟೆಯಲ್ಲಿ ಲೋಳೆ ಲೋಳೆಯಾಗಿ ಸಕ್ಕರೆ ಹೀರುವುದನ್ನು ತಡಮಾಡುತ್ತದೆ. ಎದೆಯುರಿಗೆ ಕುಡಿಯುವ ಕೆಲವು ಸಿರಪ್‌ಗಳಲ್ಲಿ, ಹಲ್ಲಿನ ಡಾಕ್ಟರು ಅಚ್ಚು ತೆಗೆಯುವ ಪುಡಿಯಲ್ಲಿ ಇರುವುದು ಇದೇ ಆಲ್ಜಿನೇಟ್. ಅಂದರೆ ಕಡಲಕಳೆ ನಮ್ಮ ಔಷಧ ಅಂಗಡಿಗೆ ಹೊಸ ನೆಂಟನೇನಲ್ಲ.

ಆದರೆ ಗಾಜಿನ ಕೊಳವೆಯಲ್ಲಿ ಕಿಣ್ವ ನಿಂತಿತು ಅನ್ನುವುದಕ್ಕೂ ಕಾಯಿಲೆ ಇರುವ ಮನುಷ್ಯನ ಶುಗರ್ ತಿಂಗಳುಗಟ್ಟಲೆ ಹತೋಟಿಗೆ ಬಂತು ಅನ್ನುವುದಕ್ಕೂ ಬಹಳ ದೂರ. ನಡುವೆ ಇಲಿ ಇದೆ, ಅದರ ನಂತರ ಆರೋಗ್ಯವಂತರು, ಆಮೇಲೆ ರೋಗಿಗಳು. ಕಡಲಕಳೆಯನ್ನು ಮನುಷ್ಯರಿಗೆ ಕೊಟ್ಟು ನೋಡಿದ ಪ್ರಯೋಗಗಳೂ ಇವೆ, ಆದರೆ ಹೆಚ್ಚಿನವು ಸಣ್ಣವು, ಕೆಲವದರಲ್ಲಿ ಶುಗರ್ ಸ್ವಲ್ಪ ಇಳಿದಿದೆ, ಕೆಲವದರಲ್ಲಿ ಏನೂ ಆಗಿಲ್ಲ. ಇವತ್ತು ಶುಗರಿಗೆ ಅಂತ ಎಲ್ಲರೂ ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವೂ ಒಂದು ಗಿಡವೇ, ಯುರೋಪಿನ ಗಲೇಗಾ. ಆ ಗಿಡ ಮೇಯ್ದ ಜಾನುವಾರುಗಳಿಗೆ ವಿಷವಾಗುತ್ತಿತ್ತು. ಅದರಲ್ಲಿದ್ದ ವಸ್ತುವಿನ ಜಾಡು ಹಿಡಿದು 1922ರಲ್ಲಿ ಮೆಟ್‌ಫಾರ್ಮಿನ್ ತಯಾರಿಸಿದರು, ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಮಧುಮೇಹಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದ್ದು 1957ರಲ್ಲಿ. ಗಿಡವನ್ನೇ ಒಣಗಿಸಿ ಪುಡಿ ಮಾಡಿ ಡಬ್ಬಿಗೆ ತುಂಬಿದ್ದರೆ ಏನಾಗುತ್ತಿತ್ತು ಅಂತ ನೀವೇ ಯೋಚಿಸಿ.

ಪುಡಿ ತಾನೇ, ತಿಂದರೆ ಏನಾಗ್ತದೆ ಅನ್ನುವವರಿಗೆ ಎರಡು ಮಾತು. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ ಬರೀ 150 ಮೈಕ್ರೋಗ್ರಾಂ. ಕೆಲವು ಕಂದು ಕಳೆಗಳ ಒಂದು ಗ್ರಾಂ ಪುಡಿಯಲ್ಲೇ ಅದರ ಎಷ್ಟೋ ಪಟ್ಟು ಇರುತ್ತದೆ, ಥೈರಾಯ್ಡ್ ಇರುವವರಿಗೆ ಇದು ಆಟವಲ್ಲ. ಇನ್ನು ಕಳೆ ನೀರಿನಿಂದ ಭಾರ ಲೋಹಗಳನ್ನೂ ಹೀರಿಕೊಳ್ಳುತ್ತದೆ. ನಮ್ಮ ಕಾರವಾರದ ಬಂಡೆಗಳ ಮೇಲೆ ಬೆಳೆಯುವ ಸರ್ಗಾಸಂ ಎಂಬ ಕಂದು ಕಳೆಯ ದಾಯಾದಿ ಹಿಜಿಕಿ ಅಂತ ಒಂದಿದೆ, ಜಪಾನಿನವರು ತಿನ್ನುತ್ತಾರೆ. ಅದರಲ್ಲಿ ಆರ್ಸೆನಿಕ್ ಜಾಸ್ತಿ ಅಂತ ಬ್ರಿಟನ್ನಿನ ಆಹಾರ ಇಲಾಖೆ ಅದನ್ನು ತಿನ್ನಲೇಬೇಡಿ ಅಂದಿದೆ. ಹಾಗಾಗಿ ಯಾವ ಜಾತಿ, ಯಾವ ನೀರಿನದು, ಟೆಸ್ಟ್ ಆಗಿದೆಯಾ, ಇದು ಗೊತ್ತಿಲ್ಲದೆ ಚಮಚದಲ್ಲಿ ಅಳೆದು ತಿನ್ನುವ ವಸ್ತು ಇದಲ್ಲ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಗ್ಲಿಮೆಪಿರೈಡ್ ಮಾತ್ರೆಯನ್ನೋ ಇನ್ಸುಲಿನ್ ಅನ್ನೋ ತಗೊಳ್ಳುವವರಿಗೆ ಒಮ್ಮೊಮ್ಮೆ ಶುಗರ್ ತೀರಾ ಇಳಿದು ಬೆವರು, ನಡುಕ ಬರುತ್ತದಲ್ವಾ, ಆಗ ಮನೆಯವರು ಸಕ್ಕರೆ ನೀರು ಕೊಡುತ್ತಾರೆ. ವೋಗ್ಲಿಬೋಸ್‌ನಂಥ ಔಷಧ ಕರುಳಿನಲ್ಲಿದ್ದರೆ ಆ ಸಕ್ಕರೆಯೂ ಬೇಗ ಒಡೆಯುವುದಿಲ್ಲ. ಒಡೆಯುವ ಅಗತ್ಯವೇ ಇಲ್ಲದ ಗ್ಲೂಕೋಸ್ ಪುಡಿಯನ್ನೇ ನೀರಿಗೆ ಹಾಕಿ ಕೊಡಬೇಕು. ಕಡಲಕಳೆ ನಿಜವಾಗಿಯೂ ಹೇಳಿದಂತೆ ಕೆಲಸ ಮಾಡಿದರೆ ಅದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಡಬ್ಬಿ ಮಾರುವವನು ಇದನ್ನು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಮಾರುವವರಿಗೆ ಗಿರಾಕಿಗಳ ಬರ ಇಲ್ಲ ಬಿಡಿ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹ ಇದೆ ಅಂತ ಐಸಿಎಂಆರ್ ಅಧ್ಯಯನ 2023ರಲ್ಲೇ ಹೇಳಿದೆ. ಮಧುಮೇಹ ಗುಣಪಡಿಸುತ್ತೇವೆ ಅಂತ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಆದರೂ ನಮ್ಮೂರಿಗೆ ಮನೆಮನೆ ಸುತ್ತುವವನೊಬ್ಬ ಬಂದಿದ್ದ, ಕೈಯಲ್ಲಿ ಪುಡಿಯ ಡಬ್ಬಿ, ಲ್ಯಾಮಿನೇಟ್ ಮಾಡಿಸಿದ ಪೇಪರ್ ತುಣುಕು. ತುಣುಕಿನ ಹೆಡ್ಡಿಂಗ್‌ನಲ್ಲಿ ಮದ್ದು ಪತ್ತೆ ಅಂತಿತ್ತು. ಪ್ರಯೋಗ ಇಲಿಗಳ ಮೇಲೆ ಅನ್ನುವುದು ಕೊನೆಯ ಸಾಲಿನಲ್ಲಿ, ಸಣ್ಣಕ್ಷರದಲ್ಲಿ. ಯಾವ ಪೇಪರ್ ಅನ್ನುವುದು ಬೇಡ. ಆದರೆ ಆ ಹೆಡ್ಡಿಂಗ್ ನಂಬಿ ಮಾತ್ರೆ ಬಿಟ್ಟ ನನ್ನ ಗಿರಾಕಿಯೊಬ್ಬರು ಕಾಲಿನ ಗಾಯ ಮಾಯದೆ ಆಸ್ಪತ್ರೆ ಸೇರಿದರು.

ಹಾಗಂತ ಕಡಲಕಳೆ ಸುದ್ದಿಯೇ ಬೇಡ ಅನ್ನುವವನಲ್ಲ ನಾನು. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕಡಲಕಳೆಯಿಂದ ಮಧುಮೇಹಿಗಳಿಗೆಂದೇ ಕ್ಯಾಪ್ಸೂಲ್ ತಯಾರಿಸಿದೆ, ಅದು ಪಥ್ಯಪೂರಕ, ಮಾತ್ರೆಯ ಬದಲಿಗೆ ಅಲ್ಲ. ಅದೇ ಸಂಸ್ಥೆಯ ಕೇಂದ್ರ ನಮ್ಮ ಕಾರವಾರದಲ್ಲೇ ಇದೆ, ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಕೋಡಿಬಾಗದಲ್ಲಿದೆ. ಮಾಜಾಳಿಯಿಂದ ಭಟ್ಕಳದವರೆಗಿನ ಬಂಡೆಗಳಲ್ಲಿ ಏನೇನು ಬೆಳೆಯುತ್ತದೆ, ಯಾವುದರಲ್ಲಿ ಎಷ್ಟು ಆರ್ಸೆನಿಕ್ ಇದೆ, ಬೇಡಿಕೆ ಬಂದರೆ ಬಂಡೆ ಕೆರೆದು ತರುತ್ತಾರೋ ಹಗ್ಗಕ್ಕೆ ಕಟ್ಟಿ ಬೆಳೆಸುತ್ತಾರೋ, ನಿಮ್ಮ ವರದಿಗಾರರು ಅಲ್ಲಿಗೇ ಹೋಗಿ ಕೇಳಬಹುದು. ಎರಡು ಹೊತ್ತು ಕುಚ್ಚಲಕ್ಕಿ ಅನ್ನ, ಮೀನು ಸಾರು ಉಣ್ಣುವ ನಮ್ಮ ಜನರ ಮೇಲೆ ಸರಿಯಾದ ಪ್ರಯೋಗ ಆಗಲಿ ಅಂತ ಒತ್ತಾಯಿಸಿ ಬರೆದರೂ ಒಳ್ಳೆಯದೇ. ಬರೆಯುವಾಗ ಕೊಳವೆಯಲ್ಲೋ, ಇಲಿಯ ಮೇಲೋ, ಮನುಷ್ಯರ ಮೇಲೋ, ಎಷ್ಟು ಜನ, ಎಷ್ಟು ದಿನ ಅನ್ನುವುದನ್ನು ಹೆಡ್ಡಿಂಗ್‌ನ ಕೆಳಗೇ, ಮೊದಲ ಸಾಲಿನಲ್ಲೇ ಹಾಕಿ. ಕತ್ತರಿಸಿ ಲ್ಯಾಮಿನೇಟ್ ಮಾಡಿಸುವವರಿಗೆ ಸ್ವಲ್ಪ ಕಷ್ಟವಾಗಲಿ.

- ಒಬ್ಬ ಔಷಧ ಅಂಗಡಿಯವ, ಅಂಕೋಲಾ