ಲಸಿಕೆಯ ಒಪ್ಪಿಗೆ ಪತ್ರ ಇನ್ನೂ ಬಾರದ ಮನೆಗಳಿಗೆ

ಮಾನ್ಯ ಪೋಷಕರೇ,

ಮುಂದಿನ ಶುಕ್ರವಾರ ಆರೋಗ್ಯ ಸಿಬ್ಬಂದಿ ಶಾಲೆಗೆ ಬಂದು ಮಕ್ಕಳಿಗೆ ದಡಾರ ಮತ್ತು ರುಬೆಲ್ಲಾ ಲಸಿಕೆ ಹಾಕಲಿದ್ದಾರೆ. ಅದಕ್ಕಾಗಿ ಕಳುಹಿಸಿದ್ದ ಒಪ್ಪಿಗೆ ಪತ್ರಗಳಲ್ಲಿ ‘ಬೇಡ’ ಎಂದು ಬರೆದು ಬಂದವು ಬೆರಳೆಣಿಕೆಯಷ್ಟು. ಮರಳಿ ಬಾರದೇ ಇರುವವು ಅದಕ್ಕಿಂತ ಬಹಳ ಹೆಚ್ಚು. ಅವುಗಳಲ್ಲಿ ಅರ್ಧದಷ್ಟಾದರೂ ಇನ್ನೂ ಮಕ್ಕಳ ಚೀಲದ ತಳದಲ್ಲೇ ಇರಬೇಕೆಂದು ನನ್ನ ಬಲವಾದ ಅನುಮಾನ. ದಯವಿಟ್ಟು ಒಮ್ಮೆ ಹುಡುಕಿ.

ಲಸಿಕೆ ಪಡೆದವರ ಪ್ರಮಾಣ ಕುಸಿದಾಗಲೆಲ್ಲ ಲಸಿಕೆ ವಿರೋಧಿಗಳನ್ನು ದೂರುವುದು ವಾಡಿಕೆ. ಆದರೆ ‘ಆಮೇಲೆ ಹಾಕಿಸಿದರಾಯಿತು’ ಎನ್ನುವವರೂ ಸೇರಿಯೇ ಆ ಪ್ರಮಾಣ ಕುಸಿಯುತ್ತದೆ. ದಡಾರಕ್ಕೆ ಈ ಎರಡರ ನಡುವೆ ಭೇದವಿಲ್ಲ. ರೋಗಿ ಕೋಣೆಯಿಂದ ಹೊರಟುಹೋದ ಮೇಲೂ ಅದರ ವೈರಾಣು ಎರಡು ಗಂಟೆಯವರೆಗೆ ಅಲ್ಲಿನ ಗಾಳಿಯಲ್ಲಿ ಉಳಿಯಬಲ್ಲದು. ಮೈಮೇಲೆ ಗುಳ್ಳೆ ಏಳುವುದಕ್ಕೆ ನಾಲ್ಕು ದಿನ ಮೊದಲೇ ಸೋಂಕು ಹರಡಲು ಶುರುವಾಗಿರುತ್ತದೆ. ಅಂದರೆ ತರಗತಿಯಲ್ಲಿ ಯಾರಿಗೂ ಸುಳಿವೇ ಇರುವುದಿಲ್ಲ. ರಕ್ಷಣೆ ಇಲ್ಲದವರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ಅದು ಅಂಟಬಲ್ಲದು. ಆದ್ದರಿಂದಲೇ ಸಮುದಾಯದ ಶೇ. 95ರಷ್ಟು ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು ಎನ್ನುತ್ತಾರೆ. ಉಳಿದ ಶೇ. 5ರ ಜಾಗವನ್ನು ಲಸಿಕೆ ಪಡೆಯಲಾಗದವರಿಗೆ, ಉದಾಹರಣೆಗೆ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗುವಿಗೆ, ಬಿಟ್ಟುಕೊಡೋಣ.

ಹಿಂಜರಿಯುವ ಪೋಷಕರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕಣ್ಣಿಗೆ ಕಾಣದ ರೋಗಕ್ಕಿಂತ ಕಣ್ಣೆದುರಿನ ಸೂಜಿಯೇ ದೊಡ್ಡದಾಗಿ ತೋರುವುದು ಸಹಜ. ಆದರೂ ಜಪಾನಿನಲ್ಲಿ ನಡೆದದ್ದನ್ನು ಗಮನಿಸಿ. ಅಲ್ಲಿ 1974ರ ಹೊತ್ತಿಗೆ ಸುಮಾರು ಶೇ. 80ರಷ್ಟು ಮಕ್ಕಳಿಗೆ ನಾಯಿಕೆಮ್ಮಿನ ಲಸಿಕೆ ಆಗುತ್ತಿತ್ತು. ಆ ವರ್ಷ ಆ ರೋಗದಿಂದ ಯಾರೂ ಸತ್ತಿರಲಿಲ್ಲ. ಲಸಿಕೆಯ ಬಗ್ಗೆ ಭಯ ಹಬ್ಬಿ, 1976ರಲ್ಲಿ ಆ ಪ್ರಮಾಣ ಶೇ. 10ಕ್ಕೆ ಇಳಿಯಿತು. 1979ರಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 41 ಮಂದಿ ತೀರಿಕೊಂಡರು. ರೋಗ ಕಾಣೆಯಾಗಿದ್ದು ಲಸಿಕೆಯಿಂದಲೇ ಎಂಬುದು ಲಸಿಕೆ ನಿಂತ ಮೇಲೆ ಗೊತ್ತಾಯಿತು.

ದಡಾರದ ಲಸಿಕೆಯಿಂದ ಆಟಿಸಂ ಬರುತ್ತದೆಯೇ ಎಂದು ಕೆಲವರು ಕೇಳಿದ್ದೀರಿ. ಬರುವುದಿಲ್ಲ. ಆ ಶಂಕೆ ಹುಟ್ಟಿಸಿದ 1998ರ ಲೇಖನ ನೋಡಿದ್ದು ಕೇವಲ 12 ಮಕ್ಕಳನ್ನು; ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿದ ಅಧ್ಯಯನದಲ್ಲಿ ಅಂಥ ಸಂಬಂಧ ಕಂಡುಬರಲಿಲ್ಲ.

ಹಾಗೆಂದು ಲಸಿಕೆಯಿಂದ ಏನೂ ಆಗುವುದೇ ಇಲ್ಲ ಎಂದು ಹೇಳಲಾರೆ. ತೋಳು ನೋಯಬಹುದು. ಒಂದು ವಾರದ ನಂತರ ಕೆಲವು ಮಕ್ಕಳಿಗೆ ಜ್ವರ, ಸಣ್ಣ ಗುಳ್ಳೆ ಬಂದು ಹೋಗಬಹುದು. ಹಿಂದೆ ಯಾವುದೇ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದರೆ, ಅಥವಾ ಮಗುವಿನ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ನಡೆಯುತ್ತಿದ್ದರೆ, ಪತ್ರದಲ್ಲಿ ತಪ್ಪದೆ ಬರೆಯಿರಿ, ವೈದ್ಯರೇ ನಿರ್ಧರಿಸುತ್ತಾರೆ. ಸಾಧಾರಣ ನೆಗಡಿ ಅಡ್ಡಿಯಲ್ಲ.

ಲಸಿಕೆ ಕಾರ್ಡ್ ಕಳೆದುಹೋಗಿದೆ ಎಂಬ ಸಂಕೋಚವೂ ಬೇಡ. ಮೊದಲೇ ಡೋಸ್ ಆಗಿದ್ದರೂ ಇನ್ನೊಂದರಿಂದ ತೊಂದರೆಯಿಲ್ಲ.

ಸಹಿ ಮಾಡಿದ ಪತ್ರ ಬುಧವಾರದೊಳಗೆ ತರಗತಿ ಶಿಕ್ಷಕರ ಕೈ ಸೇರಲಿ. ‘ಬೇಡ’ ಎಂಬುದಿದ್ದರೆ ಅದನ್ನೂ ಬರೆದೇ ಕಳುಹಿಸಿ. ಪ್ರಶ್ನೆಗಳಿದ್ದರೆ ಮಂಗಳವಾರ ಸಂಜೆ ಶಾಲೆ ಬಿಟ್ಟ ಮೇಲೆ ನನ್ನ ಕೊಠಡಿಗೆ ಬನ್ನಿ. ಆರೋಗ್ಯ ಸಹಾಯಕಿಯೂ ಅಲ್ಲಿರುತ್ತಾರೆ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ